ತೊಂಬತ್ತು ಮಿಲಿ

ಬಾಟಲಿಯಲ್ಲಿ ಉಳಿದ ಹಾಲನ್ನು ಸಿಂಕಿಗೆ ಸುರಿದು ಸುಧೀರ ನಲ್ಲಿ ಬಿಟ್ಟ. ಬಿಳಿಯ ಗುರುತು ಪೂರ್ತಿ ಹೋಗುವವರೆಗೆ ನೀರು ಹರಿಯಲಿ ಎಂದು ಅಲ್ಲೇ ನಿಂತ. ಮಗು ಕುಡಿದದ್ದು ನಲವತ್ತು ಮಿಲಿ. ಅದರಲ್ಲಿ ಅರ್ಧ ಅವನ ಭುಜದ ಮೇಲೆ ಹುಳಿಯಾಗಿ ನಾರುತ್ತಿತ್ತು. ಫ್ರಿಜ್ಜಿನ ಮೇಲಿದ್ದ ನೋಟ್‌ಬುಕ್ಕು ತೆಗೆದು, ಬೆಳಿಗ್ಗೆ ಏಳು ಗಂಟೆಯ ಎದುರು ತೊಂಬತ್ತು ಎಂದು ಬರೆದ.

"ಎಷ್ಟ ಕುಡದಾ?" ಬಚ್ಚಲಿನಿಂದ ಹೆಂಡತಿ ಸ್ನೇಹಲ ಕೇಳಿದಳು.

"ತೊಂಬತ್ತ."

"ಪೂರಾ?"

"ಪೂರಾ."

ಅವಳು ತಲೆ ಒರೆಸಿಕೊಳ್ಳುತ್ತ ಹೊರಬಂದು ಮಗುವಿನ ಅಂಗಾಲು ಮುಟ್ಟಿದಳು. "ನಿಮ್ಮ ಕೈಲೆ ಹೆಂಗ ಕುಡೀತಾನ ನೋಡ್ರಿ. ನಾ ಬಾಟ್ಲಿ ಹಿಡದ್ರ ಹಾವ ಕಂಡಂಗ ಮಾಡ್ತಾನ." ನಗುತ್ತಲೇ ಹೇಳಿದಳು. ನಗು ಎಲ್ಲಿ ನಿಲ್ಲುತ್ತದೆ ಎಂದು ನೋಡಲು ಸುಧೀರನಿಗೆ ಧೈರ್ಯವಾಗಲಿಲ್ಲ.

ಮಗುವಿಗೆ ಐದು ತಿಂಗಳು. ಹೊಟ್ಟೆಯ ಆಮ್ಲ ಗಂಟಲಿಗೆ ಏರುತ್ತದೆ ಎಂದು ಡಾಕ್ಟರು ಹೇಳಿದ್ದರು. ಬಾಟಲಿ ತುಟಿಗೆ ತಾಗಿದರೆ ಸಾಕು, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಕಿರುಚುತ್ತಿತ್ತು. ಹಾಲಿಗೆ ಮೊದಲು ಔಷಧದ ಹನಿ ಹಾಕಬೇಕು, ಹಾಲಾದ ಮೇಲೆ ಅರ್ಧ ಗಂಟೆ ನೆಟ್ಟಗೆ ಎತ್ತಿಕೊಂಡಿರಬೇಕು. ಇದೆಲ್ಲ ಮುಗಿಯುವ ಹೊತ್ತಿಗೆ ಮುಂದಿನ ಹಾಲಿನ ಹೊತ್ತಾಗುತ್ತಿತ್ತು.

ಏಳು ವಾರಗಳ ಹಿಂದೆ ಒಂದು ದಿನ ಸ್ನೇಹಲ ಅಡುಗೆಮನೆಯ ನೆಲದ ಮೇಲೆ ತುಂಬಿದ ಬಾಟಲಿ ಹಿಡಿದುಕೊಂಡು ಅಳುತ್ತ ಕುಳಿತಿದ್ದಳು. ಸುಧೀರ ಮಗುವನ್ನೂ ಬಾಟಲಿಯನ್ನೂ ಎತ್ತಿಕೊಂಡು ಒಳಕೋಣೆಯ ಬಾಗಿಲು ಹಾಕಿದ್ದ. ಹೊರಗೆ ಬಂದು ತೊಂಬತ್ತು ಎಂದಿದ್ದ. ಅವಳ ಮುಖ ಆಗ ಹೇಗೆ ಅರಳಿತೆಂದರೆ, ಮರುದಿನವೂ ಅದನ್ನೇ ಹೇಳಬೇಕಾಯಿತು. ಆಮೇಲೆ ಅವಳು ಮಗುವಿಗೆ ಹಾಲು ಕೊಡುವುದನ್ನೇ ಬಿಟ್ಟಳು. ರಜೆ ಮುಗಿದು ಉಗಾರದ ಹೈಸ್ಕೂಲಿಗೆ ಮತ್ತೆ ಹೋಗತೊಡಗಿದಳು. ಸುಧೀರ ಕಾಲೇಜಿಗೆ ಹೋದಾಗ ಅವನ ತಾಯಿ ಜಿನಮತಿ ಬಟ್ಟಲು ಹಿಡಿದು ಚಮಚೆಯಿಂದ ಹಾಲು ಹಾಕುತ್ತಿದ್ದರು. ಅವರ ಅಳತೆ 'ಅರ್ಧ ವಾಟಗಾ', 'ಒಂದೀಟ', ಇಷ್ಟೇ. ಅದನ್ನು ಮಿಲಿಗೆ ತಿರುಗಿಸಿ ಬರೆಯುವವನೂ ಸುಧೀರನೇ.

ಕಾಗವಾಡದ ಪಿಯು ಕಾಲೇಜಿನಲ್ಲಿ ಅವನು ಭೌತಶಾಸ್ತ್ರದ ಉಪನ್ಯಾಸಕ. ಪ್ರಯೋಗ ಮಾಡದೆ ಅಂಕಿ ಬರೆದ ಹುಡುಗರ ರೆಕಾರ್ಡ್ ಬುಕ್ಕುಗಳನ್ನು ಎಲ್ಲರೆದುರು ಹರಿದು ಹಾಕುವವನೆಂದು ಹೆಸರಾಗಿದ್ದ.

ಮಗು ಅವನನ್ನೇ ನೋಡುತ್ತಿತ್ತು. ಈ ಮನೆಯಲ್ಲಿ ಪೂರ್ತಿ ನಿಜ ಗೊತ್ತಿದ್ದದ್ದು ಅದಕ್ಕೊಂದಕ್ಕೇ. ಅದಕ್ಕೆ ಇನ್ನೂ ಮಾತು ಬಂದಿರಲಿಲ್ಲ.

"ಇವತ್ತ ಅಥಣಿ ಡಾಕ್ಟರ ಕಡೆ ನಾನೂ ಬರತಿದ್ದೆ. ಸಾಳ್ಯಾಗ ಇನ್ಸ್‌ಪೆಕ್ಷನ್ ಐತಿ," ಎಂದಳು ಸ್ನೇಹಲ. "ಬುಕ್ಕ ಮರೀಬ್ಯಾಡ್ರಿ."

"ಮರಿಯೂದಿಲ್ಲ."

ತಾಯಿ ಬಾಗಿಲವರೆಗೆ ಬಂದರು. ಮೊಣಕಾಲು ನೋವು, ಕಾರಿನಲ್ಲಿ ಕೂರಲಾಗುವುದಿಲ್ಲ. "ನೀನೂ ಹಿಂಗs ಕಾರತಿದ್ದಿ ತಮ್ಮಾ. ದೊಡ್ಡಾಂವ ಆಗಲಿಲ್ಲೇನ?" ಎಂದರು.

ಸುಧೀರ ಮಗುವನ್ನು ಹಿಂದಿನ ಸೀಟಿನಲ್ಲಿ ಬಿಗಿದ.

ಅಥಣಿಯ ದವಾಖಾನೆಯಲ್ಲಿ ನರ್ಸು ಮಗುವಿನ ಅಂಗಿ ಬಿಚ್ಚಿ ತಕ್ಕಡಿಯ ಮೇಲೆ ಮಲಗಿಸಿದಳು.

"ಹೆಸರು?"

"ವಿಶಾಲ."

ಅವಳು ತಕ್ಕಡಿ ನೋಡಿದಳು, ಮಗುವನ್ನು ನೋಡಿದಳು, ಬರೆದುಕೊಂಡಳು. ಐದು ಕಿಲೋ ನೂರು ಗ್ರಾಂ. ಹೋದ ತಿಂಗಳಿಗಿಂತ ನಲವತ್ತು ಗ್ರಾಂ ಹೆಚ್ಚು.

ಡಾಕ್ಟರ್ ಮಸರತ ನೋಟ್‌ಬುಕ್ಕಿನ ಒಂದೊಂದೇ ಪುಟ ತಿರುವಿದರು. "ಭಾಳ ಚೊಲೋ ಬರದೀರಿ ಸರ. ಎಲ್ಲಾರೂ ಹಿಂಗ ಬರದ್ರ ನಮ್ಮ ಕೆಲಸ ಹಗುರ ಆಗ್ತಿತ್ತು."

ಸುಧೀರ ಕೈ ಒರೆಸಿಕೊಂಡ.

"ದಿನಾ ಆರನೂರಾ ಮೂವತ್ತು ಮಿಲಿ. ಐದು ಕಿಲೋ ಕೂಸಿಗೆ ಇಷ್ಟು ಸಾಕು. ಹೊಳ್ಳಿ ಕಾರೂದೂ ಸ್ವಲ್ಪs ಅಂತ ಬರದೀರಿ. ಆದ್ರ ತೂಕ ಬರವಲ್ತು." ಅವರು ಪೆನ್ನು ಕೆಳಗಿಟ್ಟರು. "ಹಾಲು ಕಡಿಮಿ ಆಗಿದ್ರ ದಾರಿ ಸರಳ ಇತ್ತು. ಇದು ಹಾಲಿಂದಲ್ಲ. ಒಳಗ ಬ್ಯಾರೆ ಏನರ ಇರಬೇಕು."

"ಬ್ಯಾರೆ ಅಂದ್ರ?"

"ಈಗs ಹೇಳಾಕ ಬರೂದಿಲ್ಲ. ಇವತ್ತ ರಕ್ತ ತಗೋಳ್ಳೂಣು. ನಾಡಿದ್ದ ಮಿರಜದ ದೊಡ್ಡ ದವಾಖಾನಿಗೆ ಹೋಗ್ರಿ, ಚೀಟಿ ಕೊಡ್ತೀನಿ. ಕೂಸಿನ ಎಚ್ಚರ ತಪ್ಪಿಸಿ, ಬಾಯಿಂದ ದುರ್ಬೀನಿನ ನಳಿಗಿ ಹಾಕಿ ಹೊಟ್ಟಿ ಒಳಗ ನೋಡಬೇಕಾಕ್ಕೈತಿ."

ಹೇಳಬೇಕಾದ ವಾಕ್ಯ ಚಿಕ್ಕದಿತ್ತು. ಇದು ಸುಳ್ಳು, ನಾನೇ ಬರೆದದ್ದು. ಸುಧೀರ ಅದನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿ ನೋಡಿದ. ಸರಿಯಾಗಿಯೇ ಇತ್ತು.

"ಈ ಲೆಕ್ಕ ಪಕ್ಕಾ ಹೌದಲ್ರಿ?" ಡಾಕ್ಟರು ಕೇಳಿದರು.

"ಪಕ್ಕಾ."

ಒಳಗೆ ನರ್ಸಿಗೆ ನರ ಸಿಗಲಿಲ್ಲ. ಮುಂಗೈ ಚುಚ್ಚಿದಳು, ಇನ್ನೊಂದು ಮುಂಗೈ ಚುಚ್ಚಿದಳು, ಕೊನೆಗೆ ಕಾಲು ಹಿಡಿದಳು. ಮಗುವಿನ ಮೊಣಕಾಲು ಅಲುಗದಂತೆ ಒತ್ತಿ ಹಿಡಿಯುವ ಕೆಲಸ ಸುಧೀರನದು. ಈಗ ಹೇಳಬೇಕು ಎಂದುಕೊಂಡ. ಬಾಯಿ ತೆರೆದ.

"ಇದಕ್ಕಿಂತ ಸಣ್ಣ ಸೂಜಿ ಇಲ್ಲೇನ್ರಿ?"

"ಇದs ಸಣ್ಣದ್ರಿ."

ರಕ್ತ ಹನಿ ಹನಿಯಾಗಿ ಬಂತು. ಮಗು ಅಳು ನಿಲ್ಲಿಸಿ ಬಿಕ್ಕುತ್ತ ಅವನ ಅಂಗಿಯ ಗುಂಡಿ ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಅವನು ಆ ಬೆರಳುಗಳನ್ನು ಒಂದೊಂದಾಗಿ ತೆಗೆಯಬೇಕಾಯಿತು.

ಕಾರು ಹತ್ತುವಾಗ ಸ್ನೇಹಲಳ ಫೋನು ಬಂತು.

"ಏನಂದ್ರು?"

"ಮಿರಜಕ್ಕ ತೋರಸ್ರಿ ಅಂದ್ರು."

"ಯಾಕ? ಕುಡೀತಾನ ಅಂತ ಹೇಳಿದ್ರಿಲ್ಲೋ?"

"ಹೇಳೇನಿ."

"ತೊಂಬತ್ತ ಕುಡೀತಾನ ಅಂತ?"

"ಹೂಂ."

ಅವಳ ಹಿಂದೆ ಶಾಲೆಯ ಗಂಟೆ ಕೇಳಿಸಿತು. "ಅದೊಂದs ಧೈರ್ಯ ನೋಡ್ರಿ ನನಗ," ಎಂದು ಇಟ್ಟುಬಿಟ್ಟಳು.

ಮನೆ ಮುಟ್ಟಿದ ಮೇಲೆ ಡಾಕ್ಟರಿಗೆ ಫೋನು ಮಾಡಿ ಹೇಳಿದರಾಯಿತು ಎಂದು ಸುಧೀರ ಲೆಕ್ಕ ಹಾಕಿದ. ಫೋನಿನಲ್ಲಿ ಮುಖ ಕಾಣುವುದಿಲ್ಲ. ಬೇಡ, ಮಿರಜಕ್ಕೆ ಹೋಗುವುದು ನಾಡಿದ್ದು. ನಾಳೆ ಒಂದು ದಿನ ಪೂರ್ತಿ ಇದೆ.

ಮಂಗಸೂಳಿ ದಾಟಿದ ಮೇಲೆ ಕಬ್ಬಿನ ಟ್ರಾಲಿಗಳ ಸಾಲು ಸಿಕ್ಕಿತು. ಅವುಗಳ ಹಿಂದೆ ತೆವಳುತ್ತ ಸಾಗುವಾಗ ಹಿಂದಿನ ಸೀಟಿನಿಂದ ಉಸಿರು ಸಿಕ್ಕಿಕೊಂಡ ಸದ್ದು ಬಂತು. ಸುಧೀರ ಸ್ಟೇರಿಂಗನ್ನು ಎಡಕ್ಕೆ ಎಳೆದು, ರಸ್ತೆಬದಿಯ ಒಂದು ಬಯಲಿಗೆ ಕಾರು ನುಗ್ಗಿಸಿ ಕೆಳಗೆ ಹಾರಿದ. ಮಗುವಿನ ಮುಖ ನೀಲಿಗಟ್ಟುತ್ತಿತ್ತು. ಎತ್ತಿ ಬೋರಲು ಹಾಕಿ ಬೆನ್ನು ತಟ್ಟಿದ. ಮೂಗಿನಿಂದಲೂ ಬಾಯಿಯಿಂದಲೂ ಹುಳಿಹಾಲು ಹರಿಯಿತು. ಏನೂ ಕೇಳಿಸದ ಒಂದು ಗಳಿಗೆಯ ನಂತರ ಮಗು ಅತ್ತಿತು.

ಸುಧೀರ ಅದರ ಮುಖ ಒರೆಸಿ ಮಗುವನ್ನು ಮತ್ತೆ ಸೀಟಿನಲ್ಲಿ ಕೂರಿಸಿದ.

"ಸಾಹೇಬ್ರ, ಗಾಡಿ ಕಾಟಾದ ಮ್ಯಾಲ ಹಚ್ಚೀರಿ."

ತಗಡಿನ ಸಣ್ಣ ಕೋಣೆಯ ಕಿಟಕಿಯಲ್ಲಿ ಒಬ್ಬ ಮನುಷ್ಯ ಕುಳಿತಿದ್ದ. ಸುಧೀರ ಕೆಳಗೆ ನೋಡಿದ. ಕಾರೂ ಅವನೂ ನಿಂತದ್ದು ಕಬ್ಬಿನ ಗಾಡಿ ತೂಗುವ ಉಕ್ಕಿನ ಹಲಗೆಯ ಮೇಲೆ. ಕಿಟಕಿಯ ಮೇಲ್ಗಡೆ ಕೆಂಪು ಅಂಕಿಗಳು ಉರಿಯುತ್ತಿದ್ದವು. ಸಾವಿರದ ನಲವತ್ತು ಕಿಲೋ.

ಕ್ಷಮೆ ಕೇಳಲೆಂದು ಅವನು ಹಲಗೆಯಿಂದ ಇಳಿದ. ಒಂಬೈನೂರಾ ಎಂಬತ್ತು.

ಸುಧೀರ ಅಂಕಿಯನ್ನೇ ನೋಡುತ್ತ ನಿಂತ. ಮರಳಿ ಹೋಗಿ ಮಗುವನ್ನು ಎತ್ತಿ ಭುಜಕ್ಕೆ ಹಾಕಿಕೊಂಡು ಮತ್ತೆ ಕೆಳಗಿಳಿದ. ಆಗಲೂ ಒಂಬೈನೂರಾ ಎಂಬತ್ತು.

"ಏನ್ ನೋಡಾಕತ್ತೀರಿ?" ಕಿಟಕಿಯವನು ಕೇಳಿದ.

"ಕೂಸಿನ ತೂಕ ಬರವಲ್ತು."

"ಎಷ್ಟೈತಿ ಕೂಸು?"

"ಐದು ಕಿಲೋ."

ಅವನು ನಕ್ಕ. ಕೆಟ್ಟ ನಗುವೇನಲ್ಲ. "ಇಪ್ಪತ್ತು ಕಿಲೋದ ಒಳಗಿಂದು ಇದಕ್ಕ ತಿಳಿಯೂದಿಲ್ರಿ. ಇದ್ರೂ ಅಷ್ಟs, ಇರದಿದ್ರೂ ಅಷ್ಟs. ಗಾಡಿ ತಗೀರಿ, ಹಿಂದ ಟ್ರಾಲಿ ಬಂದೈತಿ."

ಹಿಂದೆ ಟ್ರ್ಯಾಕ್ಟರು ಹಾರ್ನು ಹೊಡೆಯಿತು. ಸುಧೀರ ಕದಲಲಿಲ್ಲ. ಕಾರಿನ ಎರಡು ಬಾಗಿಲುಗಳೂ ತೆರೆದೇ ಇದ್ದವು, ಒಳಗೆ ಯಾರೂ ಇರಲಿಲ್ಲ. ಟ್ರ್ಯಾಕ್ಟರಿನವನು ಮತ್ತೆ ಹಾರ್ನು ಒತ್ತಿ ಹಿಡಿದ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಕೆಂಪು ಅಂಕಿ ಒಂದಿಷ್ಟೂ ಮಿಸುಕದೆ ಉರಿಯುತ್ತಿತ್ತು.