ಮಸಿ ಹೋದ ಎಂಜಿನ್

ಆಯುಧಪೂಜೆಯ ದಿನ ದೊಡ್ಡಮುನಿಯಮ್ಮನ ಕಣ್ಣಿಗೆ ಬಿದ್ದ ಯಾವ ವಸ್ತುವೂ ತೊಳೆಸಿಕೊಳ್ಳದೆ ಉಳಿದದ್ದಿಲ್ಲ. ಈಳಿಗೆಮಣೆ, ಮಿಕ್ಸಿ, ಮಗ ಶ್ರೀನಾಥನ ಸ್ಕೂಟರು, ಕೊನೆಗೆ ಗೇಟಿನ ಬೀಗ ಕೂಡ. ಇಷ್ಟು ಗೊತ್ತಿದ್ದೂ ಸೊಸೆ ಸುಕನ್ಯ ಅವತ್ತು ತನ್ನ ರೈಲಿನ ಕೋಣೆಗೆ ಚಿಲಕ ಹಾಕದೆ ಹಲಸೂರು ಮಾರ್ಕೆಟ್ಟಿಗೆ ಹೂವು ತರಲು ಹೋದಳು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ರೈಲಿನ ಕೋಣೆ ಎಂದರೆ ಜೀವನ್ ಬಿಮಾ ನಗರದ ಆ ಮನೆಯ ಮಹಡಿ ಮೂಲೆ. ಅಲ್ಲಿ ಮಂಚದಗಲದ ಹಲಗೆಯ ಮೇಲೆ ಹಿಂದಿನ ಕಾಲದ ಕೃಷ್ಣರಾಜಪುರ ಸ್ಟೇಷನ್ನೇ ಇತ್ತು. ಬೆರಳುದ್ದದ ಸಿಗ್ನಲ್ಲು, ಉಗುರಿನಷ್ಟು ಬೆಂಚು, ಬೆಂಚಿನ ಮೇಲೆ ಅಕ್ಕಿಕಾಳಿನಷ್ಟು ಟ್ರಂಕು. ಆಫೀಸಿನಿಂದ ಬಂದ ಮೇಲೆ ಕೂತು ಸುಕನ್ಯ ಎಲ್ಲವನ್ನೂ ಕೈಯಾರೆ ಮಾಡಿದ್ದಳು. ಅತ್ತೆಯ ಬಾಯಲ್ಲಿ ಮಾತ್ರ ಅದಕ್ಕೆ ಒಂದೇ ಹೆಸರು, ‘ಆಟದ ಸಾಮಾನು’. ನೆಂಟರ ಮುಂದೆ ಹಾಗಂದಾಗಲೆಲ್ಲ ಸುಕನ್ಯಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಮಾರನೆಯ ದಿನ ಇಂದಿರಾನಗರದಲ್ಲಿ ಮಾದರಿ ರೈಲುಗಳ ಪ್ರದರ್ಶನ. ಸುಕನ್ಯ ನಾಲ್ಕು ಜನರ ಮುಂದೆ ತನ್ನ ಕೆಲಸ ಇಡುತ್ತಿದ್ದುದು ಅದೇ ಮೊದಲು. ಅದಕ್ಕೆಂದೇ ಹಿತ್ತಾಳೆಯಲ್ಲಿ ಒಂದು ಉಗಿ ಎಂಜಿನ್ ಕಟ್ಟಿದ್ದಳು. ಆದರೆ ಹಿತ್ತಾಳೆ ಹಿತ್ತಾಳೆಯಾಗಿ ಕಾಣಬಾರದು, ಕಲ್ಲಿದ್ದಲು ತಿಂದು ತಿಂದು ಕಪ್ಪಾದ ಎಂಜಿನ್ನಿನಂತೆ ಕಾಣಬೇಕು; ಈ ಹವ್ಯಾಸದ ಗಮ್ಮತ್ತೇ ಅದು. ತೆಳು ಕಪ್ಪು ಬಣ್ಣ, ಮೇಲೆ ಮಸಿ, ಅಂಚಿಗೆ ತುಕ್ಕು. ಚೆಂದವಾಗಿ ಕೊಳಕು ಮಾಡುವುದಕ್ಕೇ ಮಳೆಗಾಲವಿಡೀ ಹಿಡಿದಿತ್ತು. ಬಣ್ಣ ಆರಲೆಂದು ಮೇಲಿನ ಕವಚವನ್ನು ಒಳಗಿನ ಕರೆಂಟ್ ಮೋಟಾರಿನಿಂದ ಬಿಡಿಸಿ ಪೇಪರಿನ ಮೇಲಿಟ್ಟು ಹೋಗಿದ್ದಳು.

ಹೂವಿನ ಚೀಲ ಹಿಡಿದು ಮಹಡಿ ಹತ್ತಿದವಳು ಬಾಗಿಲಲ್ಲೇ ನಿಂತುಬಿಟ್ಟಳು.

ಹಳಿಯ ಮೇಲೆ ಎಂಜಿನ್ ದೇವರ ಮನೆಯ ದೀಪದ ಕಂಬದ ಹಾಗೆ ಥಳಥಳ ಹೊಳೆಯುತ್ತಿತ್ತು. ಮಸಿಯಿಲ್ಲ, ತುಕ್ಕಿಲ್ಲ, ಬಣ್ಣದ ಒಂದು ಚುಕ್ಕೆಯೂ ಇಲ್ಲ. ಪಕ್ಕದ ಬಚ್ಚಲಲ್ಲಿ ಹುಣಸೆಹಣ್ಣಿನ ಚರಟ, ತೆಂಗಿನ ನಾರು, ಕರ್ರಗಿನ ನೀರು.

“ಅತ್ತೇ! ಏನ್ ಮಾಡ್ಬಿಟ್ರಿ!”

ಸೆರಗಿಗೆ ಕೈ ಒರೆಸಿಕೊಳ್ಳುತ್ತ ದೊಡ್ಡಮುನಿಯಮ್ಮ ಬಂದರು. “ಯಾಕಮ್ಮ ಹಂಗ್ ಕಿರುಚ್ತೀಯ? ಒಳ್ಳೆ ಹಿತ್ತಾಳೆ, ಹಿಂಗಾ ಕಿಲುಬು ಹಿಡಿಸೋದು? ಉಜ್ಜಿ ಉಜ್ಜಿ ಕೈ ಬಿದ್ದೋಯ್ತು ನಂಗೆ.”

ಸುಕನ್ಯ ಹೂವಿನ ಚೀಲ ಬದಿಗಿಟ್ಟು ನೆಲದ ಮೇಲೆ ಕೂತಳು. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕು ಅನಿಸಿತು.

“ಅದು ಕಿಲುಬಲ್ಲ ಅತ್ತೆ. ನಾನೇ ಹಚ್ಚಿದ್ದು, ನಾಳೆ ತೋರಿಸೋಕೆ. ನಿಮಗೇನು ಬಿಡಿ, ಆಟದ ಸಾಮಾನು…”

ದೊಡ್ಡಮುನಿಯಮ್ಮನ ಮುಖ ಬಿಳಿಚಿಕೊಂಡಿತು. “ಬೇಕೂಂತ ಕೊಳೆ ಹಚ್ಚಿದ್ಯಾ?” ಎಂದು ಎಂಜಿನ್ನನ್ನೇ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ ಅಂದರು, “ಆಟದ ಸಾಮಾನಿಗೆ ಯಾರಾದ್ರೂ ಆಯುಧಪೂಜೆ ಮಾಡ್ತಾರೇನಮ್ಮ?”

ಸುಕನ್ಯ ತಲೆಯೆತ್ತಿದಳು. ಆಗಷ್ಟೇ ಕಣ್ಣಿಗೆ ಬಿತ್ತು. ಎಂಜಿನ್ನಿನ ಎರಡೂ ಬದಿಗೆ ಬಾಳೆಕಂದಿನ ಬದಲು ಒಂದೊಂದು ಗರಿಕೆ ಎಸಳು, ದಾರದಲ್ಲಿ ಕಟ್ಟಿತ್ತು. ಮುಂದೆ ಕುಂಡದ ಸೇವಂತಿಗೆಯ ಎಸಳುಗಳನ್ನು ಒಂದೊಂದೇ ಪೋಣಿಸಿದ ಹಾರ. ಎಳ್ಳಿನಷ್ಟೇ ಕುಂಕುಮ. ಚಕ್ರಗಳ ಕೆಳಗೆ ಕೆಂಪಗೆ ಏನೋ ಹೊಳೆಯಿತು.

“ಏನದು?”

“ದಾಳಿಂಬೆ ಕಾಳು. ಮೊದ್ಲು ನಿಂಬೆಹಣ್ಣೇ ಮಡಗಿ ನೋಡ್ದೆ. ಎಂಜಿನ್ನಿಗಿಂತ ಅದೇ ದಪ್ಪ ಕಾಣ್ತಿತ್ತು. ಅಳತೆ ಹೊಂದ್ಬೇಕು ಅಂತ ನೀನೇ ಶ್ರೀನಾಥನಿಗೆ ಹೇಳ್ತಿರ್ತೀಯಲ್ಲ.”

ಎಂಜಿನ್ನಿನ ಮಸಿ ಹೋದದ್ದಕ್ಕಿಂತ ದೊಡ್ಡ ಆಘಾತ ಇದು. ಇಷ್ಟು ವರ್ಷ ಈ ಮುದುಕಿ ಕಿವಿ ಕೊಟ್ಟು ಕೇಳುತ್ತಿದ್ದಳೇ? ಸುಕನ್ಯಳಿಗೆ ಸಿಟ್ಟು ಇಳಿದಿರಲಿಲ್ಲ. ಆದರೂ ಎದ್ದು ಕವಚವನ್ನು ಸರಿಯಾಗಿ ಕೂರಿಸಿ ಸ್ವಿಚ್ಚು ತಿರುಗಿಸಿದಳು. ಕಾಳುಗಳು ಪಟ್ಟೆಂದು ಒಡೆದು ಹಳಿ ಕೆಂಪಾಯಿತು. ಎಂಜಿನ್ ಸ್ಟೇಷನ್ ದಾಟುವವರೆಗೂ ದೊಡ್ಡಮುನಿಯಮ್ಮ ಕೈಮುಗಿದು ನಿಂತಿದ್ದರು.

“ಮತ್ತೆ ಮಸಿ ಹಚ್ತೀಯಾ?” ಅಳುಕುತ್ತಲೇ ಕೇಳಿದರು.

“ಬೇಡ. ಹಬ್ಬದ ದಿನದ ಸ್ಟೇಷನ್ನು ಅಂತ ಹೀಗೇ ಇಡ್ತೀನಿ. ನಾಳೆ ನೀವೂ ಬನ್ನಿ ಅತ್ತೆ. ಗರಿಕೆ ಬಾಡಿದ್ರೆ ಕಟ್ಟೋರು ಬೇಕಲ್ಲ.”