ನಾಲ್ಕು ಬಿಟ್ಟವನ ಕೈ

ನನ್ನ ಗಂಡನ ತಮ್ಮ ಕೇತಿಲ್‌ನನ್ನು ಈ ಸರೋವರದ ಸುತ್ತಲಿನವರೆಲ್ಲ ತಲೆಯ ಮೇಲೆ ಹೊತ್ತುಕೊಂಡು ತಿರುಗುತ್ತಾರೆ. ಮಿಂಕ್ ಬೇಟೆಗೆಂದು ಪಂಚಾಯಿತಿಯವರು ನೇಮಿಸಿದ ಆಳು ಅವನು. ಹೆಗಲಿಗೆ ಕೋವಿ, ಕಾಲ ಬಳಿ ಸ್ಕೊತ್ತಾ ಎಂಬ ಹೆಣ್ಣುನಾಯಿ, ಬಾಯಿತುಂಬ ತನ್ನದೇ ಪ್ರತಾಪ. ಈ ಮೂರರಲ್ಲಿ ಬೇಟೆ ಗೊತ್ತಿರುವುದು ನಾಯಿಗೆ ಮಾತ್ರ. ಅದಕ್ಕೆ ಮಾತು ಬರುವುದಿಲ್ಲವಾದ್ದರಿಂದ ಹೆಸರು ಇವನಿಗೆ ಬಂತು.

ಮಿಂಕ್ ಐಸ್‌ಲ್ಯಾಂಡಿನ ಪ್ರಾಣಿಯೇ ಅಲ್ಲ. ಅಜ್ಜಂದಿರ ಕಾಲದಲ್ಲಿ ಯಾರೋ ಮಹಾನುಭಾವರು ತುಪ್ಪಳದ ಆಸೆಗೆ ಅದನ್ನು ಹಡಗಿನಲ್ಲಿ ತರಿಸಿ ಗೂಡಿನಲ್ಲಿ ಸಾಕಿದರು. ಗೂಡಿಗೆ ನೆಟ್ಟಗೆ ಒಂದು ಚಿಲಕ ಹಾಕುವ ಯೋಗ್ಯತೆ ಅವರಿಗಿರಲಿಲ್ಲ. ಈಗ ನೀರಿದ್ದಲ್ಲೆಲ್ಲ ಆ ಪೀಡೆ ಇದೆ. ಮುಂಗುಸಿಯಂಥ ಮೈ, ಈಜಲೂ ಸೈ, ಸಂದಿಗೆ ನುಗ್ಗಲೂ ಸೈ. ಹಸಿವಿಗೊಂದು ತಿಂದು ಹೋದರೆ ಹಾಳಾಗಲಿ ಎನ್ನಬಹುದಿತ್ತು. ಅದು ಸಿಕ್ಕಿದ್ದನ್ನೆಲ್ಲ ಕೊಂದು ಹಾಕುತ್ತದೆ.

ನನ್ನ ಕುರಿಮನೆಯ ಕಲ್ಲುಗೋಡೆಯಲ್ಲಿ ಆರು ತೂತುಗಳಿವೆ. ಮನೆಬಾತುಗಳು ಮೊಟ್ಟೆಯಿಡಲೆಂದು ಕಟ್ಟುವಾಗಲೇ ಬಿಟ್ಟದ್ದು. ಹೆಸರು ಮನೆಬಾತಾದರೂ ಅದು ಸಾಕಿದ್ದಲ್ಲ, ಪ್ರತಿ ವಸಂತಕ್ಕೆ ಬಂದು ಗೋಡೆಯ ಸಂದಿಯಲ್ಲಿ ಗೂಡು ಮಾಡುವ ಹಕ್ಕಿ. ಮನೆಬಾತಿನ ಹೆಣ್ಣು ತಾನು ಹುಟ್ಟಿದ ಗೋಡೆಗೇ ಮರಳಿ ಬರುತ್ತದೆ. ಪಕ್ಕದ ಗೋಡೆ ಅರಮನೆಯಂತಿದ್ದರೂ ಮೂಸಿ ನೋಡುವುದಿಲ್ಲ. ಹಾಗಾಗಿ ಒಂದು ಗೋಡೆಯ ಹೆಣ್ಣುಗಳೆಲ್ಲ ಸತ್ತರೆ ಆ ಗೋಡೆಯ ಕಥೆ ಮುಗಿದಂತೆ. ನನಗೆ ಮಕ್ಕಳಿಲ್ಲ, ಮನುಷ್ಯರ ಸಹವಾಸ ಅಷ್ಟಕ್ಕಷ್ಟೇ. ಆ ಬಾತುಗಳು ನನ್ನವರು. ಇದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಾಣುವುದಿಲ್ಲ.

ಕಳೆದ ವರ್ಷ ಆರೂ ತೂತು ತುಂಬಿದ್ದವು. ಹಾಗಿರುವಾಗ ದಡದ ಜೊಂಡಿನಲ್ಲಿ ಒಂದು ಕಾಡುಬಾತು ಕತ್ತಿನ ಹಿಂದೆ ಕಚ್ಚಿಸಿಕೊಂಡು ಸತ್ತುಬಿದ್ದದ್ದು ಕಂಡಿತು. ಕೇತಿಲ್‌ನಿಗೆ ಹೇಳಿಕಳಿಸಿದೆ. ಬಂದ, ಕಾಫಿ ಕುಡಿದ, ಹೊಗೆ ಹಿಡಿಸಿದ ಮೀನು ಹಚ್ಚಿದ ರೊಟ್ಟಿಯನ್ನು ತಟ್ಟೆ ಬರಿದಾಗುವ ತನಕ ತಿಂದ, ಆಮೇಲೆ ನಾಯಿಯ ಹಿಂದೆ ಹೋದ. ಸಂಜೆಗೆ ಮೂರು ಸತ್ತ ಮಿಂಕ್ ಮರಿಗಳ ಬಾಲ ಹಿಡಿದು ಬಂದು ಮೇಜಿನ ಮೇಲಿಟ್ಟ. ತಾಯಿ ತಪ್ಪಿಸಿಕೊಂಡಿತಂತೆ, ಇವತ್ತಲ್ಲ ನಾಳೆ ಸಿಗುತ್ತದಂತೆ. ಸೂಲಿಗೆ ಮೂರೇ ಮರಿಯೇ ಎಂದು ಕೇಳಿದೆ.

"ಏಳಿದ್ವು ಅತ್ತಿಗೆ. ನಾಲ್ಕು ಬಿಟ್ಟೆ," ಎಂದ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಬಾತಿನ ಗೂಡಿನಿಂದ ಮೊಟ್ಟೆ ತೆಗೆದು ತಿನ್ನುತ್ತೇವೆ, ಆದರೆ ತಾಯಿಗೆಂದು ನಾಲ್ಕು ಬಿಟ್ಟೇ ಬಿಡುತ್ತೇವೆ. ಮಕ್ಕಳಿಗೆ ನಡೆಯಲು ಬರುವ ಮೊದಲೇ ಇದನ್ನು ಕಲಿಸುತ್ತೇವೆ. ಬಾತು ಮುಂದಿನ ವರ್ಷವೂ ಬರಲಿ ಎಂದು ಮಾಡಿದ ಪದ್ಧತಿ ಅದು. ಈ ಭೂಪ ಅದನ್ನು ಎತ್ತಿಕೊಂಡು ಹೋಗಿ ಮಿಂಕಿಗೆ ಹಾಕಿಬಂದಿದ್ದ. ತಮಾಷೆ ಮಾಡುತ್ತಿದ್ದಾನೆಂದು ಅವನ ಮುಖ ನೋಡಿದೆ. ಪುಣ್ಯ ಕಟ್ಟಿಕೊಂಡವನ ಮುಖ ಹೊತ್ತು ಕೂತಿದ್ದ.

"ಅದು ಮೊಟ್ಟೆ ವಿಷಯ ಕಣೋ. ಬಾತಿನ ವಿಷಯ."

"ತಾಯಿ ಅಂದ್ಮೇಲೆ ತಾಯಿನೇ ಅತ್ತಿಗೆ. ಅಷ್ಟೂ ದಯೆ ಇಲ್ದಿದ್ರೆ ನಮಗೂ ಮಿಂಕಿಗೂ ಏನ್ ವ್ಯತ್ಯಾಸ?"

ಸಲಿಕೆ ಎತ್ತಿಕೊಂಡು ಅವನು ಹೇಳಿದ ಲಾವಾ ಬಂಡೆಯ ಬಿರುಕಿಗೆ ನಾನೇ ಹೋದೆ. ಬಿಲ ಖಾಲಿ. ತಾಯಿ ಆಗಲೇ ನಾಲ್ಕನ್ನೂ ಕಚ್ಚಿಕೊಂಡು ಬೇರೆಡೆಗೆ ಸಾಗಿಸಿತ್ತು. ಕುರಿಮನೆಯ ಹತ್ತಿರ ಇಡಲು ಒಂದು ಬೋನಾದರೂ ಕೊಡು ಎಂದು ಕೇತಿಲ್‌ನನ್ನು ಕೇಳಿದೆ. ಬೋನು ಪಂಚಾಯಿತಿಯದು, ಯಾರೆಂದರೆ ಅವರು ಇಡುವ ಹಾಗಿಲ್ಲ, ತಾನೇ ತಂದು ಇಡುತ್ತೇನೆ ಎಂದ. ತರಲಿಲ್ಲ. ಅವನಿಗೆ ಪುರುಸೊತ್ತೆಲ್ಲಿ? ಸಹಕಾರಿ ಅಂಗಡಿಯ ಮುಂದೆ ನಿಂತು ತನ್ನ ದಯೆಯ ಕಥೆಗೆ ಒಗ್ಗರಣೆ ಹಾಕಿ ಹಾಕಿ ಹೇಳುವುದಿತ್ತು. ಹೆಂಗಸರು ಕಣ್ಣೊರೆಸಿಕೊಂಡರು. ಪಾದ್ರಿಯಂತೂ ಭಾನುವಾರದ ಪ್ರವಚನದಲ್ಲೇ ಅದನ್ನು ಸೇರಿಸಿಬಿಟ್ಟ. ಆ ಪಾದ್ರಿಯ ಮನೆಯ ಗೋಡೆಯಲ್ಲಿ ತೂತಿಲ್ಲ, ಬಾತೂ ಇಲ್ಲ.

ಅದಾದ ವಾರದಲ್ಲೇ ಒಂದು ಬೆಳಿಗ್ಗೆ ಗೋಡೆಯ ಹತ್ತಿರ ಹೋದರೆ ಸದ್ದಿಲ್ಲ. ಎರಡನೆಯ ತೂತಿನ ಕೆಳಗಿನ ಕಲ್ಲಿನ ಮೇಲೆ ರಕ್ತ ಇಳಿದಿತ್ತು. ಆ ತೂತುಗಳಿಗೆ ಒಂದೇ ಬಾಯಿ. ಕಾವು ಕೂತ ಬಾತಿಗೆ ಓಡಲು ದಾರಿಯಿಲ್ಲ. ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತೆ. ಆಮೇಲೆ ಹೋಗಿ ಕೇತಿಲ್‌ನನ್ನು ಊಟದ ಮೇಜಿನಿಂದ ಎಬ್ಬಿಸಿಕೊಂಡು ಬಂದೆ.

"ಕೈ ಹಾಕು," ಎಂದೆ.

"ಅಯ್ಯೋ ಅತ್ತಿಗೆ, ಏನಿದ್ರೂ ಸತ್ತೇ ಹೋಗಿವೆಯಲ್ಲ."

"ನಾಲ್ಕು ಬಿಟ್ಟ ಕೈ ಅಲ್ವಾ, ಅದನ್ನೇ ಹಾಕು. ನೀನೇ ತೆಗಿ."

ಹಾಕಿದ. ಒಂದೊಂದೇ ತೆಗೆದು ಹುಲ್ಲಿನ ಮೇಲಿಟ್ಟ. ಐದೂ ಹಾಗೇ, ಕತ್ತಿನ ಹಿಂದೆ ಒಂದು ಕಚ್ಚು, ತಿಂದದ್ದು ಒಂದನ್ನು ಮಾತ್ರ. ಆರನೆಯ ತೂತಿಗೆ ಮೊಣಕೈವರೆಗೆ ತೂರಿಸಿದವನ ಮುಖ ಅರಳಿತು. ಬೆಚ್ಚಗಿದೆ ಅತ್ತಿಗೆ, ಇದು ಬದುಕಿದೆ ಎಂದ. ನನಗೂ ಆಸೆ ಹುಟ್ಟಿತು, ಸುಳ್ಳೇಕೆ ಹೇಳಲಿ. ಮರುಕ್ಷಣ ಅವನು ಕುರಿಯ ಹಾಗೆ ಅರಚಿದ. ಕೈ ಹೊರಗೆಳೆದರೆ ಹೆಬ್ಬೆರಳಿಗೆ ಹಲ್ಲು ಊರಿ ತಾಯಿ ಮಿಂಕ್ ನೇತಾಡುತ್ತಿತ್ತು. ಸ್ಕೊತ್ತಾ ಹಾರಿ ಅದನ್ನು ಹಿಡಿದು ಒಂದೇ ಸಲ ಕೊಡವಿ ಮುಗಿಸಿತು.

ನಾನು ತೂತಿನೊಳಗೆ ನೋಡಿದೆ. ಒಳಮೂಲೆಯಲ್ಲಿ ಆರನೆಯ ಬಾತೂ ಸತ್ತು ಬಿದ್ದಿತ್ತು. ಅದು ತನ್ನ ಮೊಟ್ಟೆಗಳಿಗೆಂದು ಎದೆಯಿಂದ ಕಿತ್ತು ಹಾಸಿದ ಪುಕ್ಕದ ಮೇಲೆ ನಾಲ್ಕು ಮಿಂಕ್ ಮರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು, ಕಣ್ಣಿನ್ನೂ ಬಿಟ್ಟಿರಲಿಲ್ಲ. ಕಿಯ್ ಕಿಯ್ ಎನ್ನುತ್ತಿದ್ದವು.

"ತಗೋ, ನಿನ್ನ ದಯೆ ಇಲ್ಲಿದೆ," ಎಂದೆ.

ಅವನು ಹೆಬ್ಬೆರಳು ಹಿಡಿದುಕೊಂಡು, ತುಂಬ ನೋಯುತ್ತಿದೆ, ನನ್ನ ಕೈಲಾಗದು ಎಂದು ಮುಖ ಆ ಕಡೆ ತಿರುಗಿಸಿದ. ಆ ಕೆಲಸವನ್ನು ನಾನು ಮಾಡಿದೆ. ಕಲ್ಲಿನಿಂದ ಬೇಗ ಬೇಗ ಮುಗಿಸಿದೆ. ಮರಿ ಯಾವುದಾದರೇನು, ಕರುಳು ಚುರುಕ್ ಎಂದೇ ಎನ್ನುತ್ತದೆ. ಹಾಗೆಂದು ಅಂಗಡಿಯ ಮುಂದೆ ಹೋಗಿ ಹೇಳಿಕೊಳ್ಳಲಿಲ್ಲ, ಅಷ್ಟೇ.

ಆಮೇಲಿನದು ಕೇಳಬೇಕೆ? ಕೇತಿಲ್ ಮಿಂಕನ್ನು ಬರಿಗೈಯಲ್ಲಿ ಹಿಡಿದ ಎಂದಾಯಿತು. ಪಟ್ಟಿ ಸುತ್ತಿದ ಹೆಬ್ಬೆರಳನ್ನು ದೇವರ ಪ್ರಸಾದದಂತೆ ಎತ್ತಿ ಹಿಡಿದು ಮನೆಮನೆಗೂ ಹೋದ, ಮನೆಮನೆಯಲ್ಲೂ ಕೇಕು ತಿಂದ. ನನ್ನ ಬಗ್ಗೆಯೂ ಮಾತಾಯಿತು. ಕಣ್ಣು ಬಿಡದ ಕೂಸುಗಳನ್ನು ಜಜ್ಜಿದ ಕಲ್ಲೆದೆಯವಳು ಎಂದರಂತೆ. ಅನ್ನಲಿ. ಆ ಜನರ ಮಾತಿಗೆ ನಾನು ಎಂದೂ ಸೊಪ್ಪು ಹಾಕಿದವಳಲ್ಲ.

ಈ ವಸಂತದಲ್ಲಿ ಮಂಜುಗಡ್ಡೆ ಕರಗಿತು. ಸರೋವರದ ಆಚೆ ದಡದ ಗೋಡೆಗಳಿಗೆ ಮನೆಬಾತುಗಳು ಬಂದವು. ನಾನು ದಿನಾ ಬೆಳಿಗ್ಗೆ ನನ್ನ ಗೋಡೆಯ ಮುಂದೆ ನಿಂತು ಕಾದು ಮನೆಯೊಳಗೆ ಹೋಗುತ್ತಿದ್ದೆ. ಹೀಗಿರುವಾಗ ಒಂದು ದಿನ ಕೇತಿಲ್ ದಕ್ಷಿಣದ ಕಡೆಯ ನಾಲ್ಕೈದು ನೆಂಟರನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದ. ತಾನು ಮಿಂಕ್ ಹಿಡಿದ ತೂತು ತೋರಿಸಬೇಕಿತ್ತು. ಕೋವಿಯ ತುದಿಯಿಂದ ತೋರಿಸಿದ, ಕಥೆಯನ್ನೂ ಹೇಳಿದ. ಅದರಲ್ಲಿ ನಾಯಿ ಇರಲಿಲ್ಲ. ನೆಂಟರು ಫೋಟೋ ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಅದೇನೋ ಈಗ ನೆನಪಾದವನಂತೆ ಕೇಳಿದ:

"ಈ ಸಲ ಬಾತು ಬರ್ಲಿಲ್ವಾ ಅತ್ತಿಗೆ?"

"ಕೈ ಹಾಕಿ ನೋಡು," ಎಂದೆ.

ನೆಂಟರೆಲ್ಲ ಅವನನ್ನೇ ನೋಡಿದರು. ಅವನು ನಕ್ಕ. ಕೈ ಕೋವಿಯನ್ನು ಬಿಟ್ಟು ಕದಲಲಿಲ್ಲ, ಕಣ್ಣು ತೂತಿನ ಮೇಲೇ ಇತ್ತು. ನಾನೇ ಮುಂದೆ ಹೋಗಿ ಭುಜದವರೆಗೆ ಕೈ ತೂರಿಸಿ ತಡಕಿದೆ. ಹೋದ ವರ್ಷದ ಪುಕ್ಕ ಒದ್ದೆಯಾಗಿ, ಗಂಟುಕಟ್ಟಿ ಮೂಲೆಯಲ್ಲಿ ಅಂಟಿಕೊಂಡಿತ್ತು. ಒಂದು ಹಿಡಿ ಕಿತ್ತು ತಂದು ಅವನ ಅಂಗೈಯಲ್ಲಿಟ್ಟೆ.

"ಬರ್ಲಿಲ್ಲ," ಎಂದೆ. "ಇನ್ನು ಬರೋದೂ ಇಲ್ಲ."