ಕೂಗದೆ ಉಳಿದ ನೂರ ಮೂವತ್ತಾರು

ಉಗುರು ಕಚ್ಚಿದ್ದಾಳೆ ಮತ್ತೆ, ಬಲಗೈ ಹೆಬ್ಬೆರಳಿನದು, ಬುಡದವರೆಗೂ, ಆ ಕೈ ಎಂಜಿನ್‌ಗಳ ಬಲ ಏರಿಸಿ ಇಳಿಸುವ ಥ್ರಾಟಲ್ ಹಿಡಿಕೆಗಳ ಮೇಲೆ, ಹೊರಗೆ ಮಂಜು, ಗಾಜಿಗೆ ಹತ್ತಿ ಅಂಟಿಸಿದ ಹಾಗೆ, ವಿಮಾನ ತಾನಾಗಿ ಇಳಿಯುತ್ತಿದೆ, ಆಟೋಪೈಲಟ್‌ಗೆ ಕಣ್ಣು ಬೇಕಿಲ್ಲ — ಎಡಗಡೆ ಕ್ಯಾಪ್ಟನ್ ಸೀಟಿನಲ್ಲಿ ನನ್ನ ತಂಗಿ, ಬಲಗಡೆ ನಾನು, ಅವಳಿಗಿಂತ ಹನ್ನೊಂದು ವರ್ಷ ಮೊದಲು ಕ್ಯಾಪ್ಟನ್ ಆದವನು, ಇವತ್ತು ಅಂಕಿ ನೋಡುವವನು, ತಪ್ಪಿದರೆ ಕೂಗುವವನು, ಅಷ್ಟೇ. ಪೈಲಟ್‌ಗಳನ್ನು ಪರೀಕ್ಷಿಸುವ ಪರೀಕ್ಷಕರ ಹುದ್ದೆ ನನಗೇ ಅಂತ ಇಡೀ ಕಚೇರಿ ಹೇಳುತ್ತಿತ್ತು, ಸಿಕ್ಕಿದ್ದು ಅವಳಿಗೆ, ಅಪ್ಪ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು, ಇನ್ಮೇಲೆ ನಿನ್ ಪರೀಕ್ಷೆ ತಗೊಳ್ಳೋದು ನಮ್ ಪುಟ್ಟೀನೇ ಅಂತಲ್ಲೋ, ನಾನೂ ನಕ್ಕೆ, ಹೊಟ್ಟೆಯಲ್ಲಿ ಬೆಂಕಿ, ಹೌದು, ಹೊಟ್ಟೆಕಿಚ್ಚೇ, ಬೇರೆ ಹೆಸರು ಯಾಕೆ ಹುಡುಕಲಿ, ಕೈ ಹಿಡಿದು ಕಲಿಸಿದವನು ನಾನು, ಊಟದ ಮೇಜಿನ ಮೇಲೆ ಎರಡು ಸೌಟು ಹಿಡಿಸಿ, ಇವೇ ಥ್ರಾಟಲ್ ಅಂದ್ಕೋ, ಯಂತ್ರ ಮಾಡ್ತಿದೆ ಅಂತ ಕೈ ತೆಗೀಬೇಡ ಪುಟ್ಟಿ, ಕಣ್ಣು ಎಲ್ಲೇ ಇರ್ಲಿ ಕೈ ಇಲ್ಲೇ ಇರ್ಲಿ, ಊಟ ಆರ್ತಿದೆ ನನ್ ಸೌಟು ಕೊಡ್ರೋ ಅಂತ ಅಮ್ಮ —

ಎಂಟುನೂರು ಅಡಿ, ಅವಳ ಕಣ್ಣು ಹೊರಗೆ, ರನ್‌ವೇ ದೀಪ ಹುಡುಕುತ್ತಿದೆ, ಎತ್ತರ ಅಳೆಯುವ ಒಂದು ಮೀಟರು ಇದ್ದಕ್ಕಿದ್ದ ಹಾಗೆ ಸೊನ್ನೆ ತೋರಿಸಿತು, ನೆಲ ಮುಟ್ಟಿಯೇ ಬಿಟ್ಟೆವು ಅಂದುಕೊಂಡ ಯಂತ್ರ ಎಂಜಿನ್‌ಗಳನ್ನು ತಗ್ಗಿಸತೊಡಗಿತು, ವೇಗ ನೂರ ನಲವತ್ತು ನಾಟ್ ಇರಬೇಕು, ತೀರಾ ಕಡಿಮೆಯಾದರೆ ವಿಮಾನ ಬಿದ್ದೇ ಹೋಗುತ್ತದೆ, ನೂರ ಮೂವತ್ತಾರು, ಕಂಡಿತು ನನಗೆ, ಸ್ಪೀಡ್ ಅನ್ನಬೇಕು, ಒಂದೇ ಮಾತು, ನಾಲಿಗೆ ತುದಿಯಲ್ಲೇ ಇತ್ತು, ಅನ್ನಲಿಲ್ಲ — ದೊಡ್ಡ ಪರೀಕ್ಷಕಿ, ಅವಳೇ ನೋಡಲಿ, ಒಂದೇ ಒಂದು ಸಲ ತಪ್ಪಲಿ — ನೂರ ಮೂವತ್ತೊಂದು, ಹಿಂದೆ ನೂರ ಅರವತ್ತು ಜನ ಬೆಲ್ಟು ಬಿಗಿದು ಕೂತಿದ್ದಾರೆ, ನೂರ ಇಪ್ಪತ್ತೇಳು, ಬಾಯಿ ತೆರೆದೆ, ದನಿ ಹೊರಡುವ ಮೊದಲೇ ಅವಳ ಕೈ ಹಿಡಿಕೆಗಳನ್ನು ಪೂರ್ತಿ ಮುಂದಕ್ಕೆ ತಳ್ಳಿತ್ತು, ಆಟೋಪೈಲಟ್ ಬಿಡಿಸಿದಳು, ಇಳಿಯುವುದು ಬಿಟ್ಟು ಮತ್ತೆ ಮೇಲೇರಲು ಗೋ ಅರೌಂಡ್ ಅಂದಳು, ಎಂಜಿನ್‌ಗಳು ಅಬ್ಬರಿಸಿದವು, ವಿಮಾನ ಮೇಲೆದ್ದಿತು, ಆಗಲೂ ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಎಷ್ಟು ಚೆನ್ನಾಗಿ ಮಾಡಿದಳಲ್ಲ ಅನ್ನುವ ಉರಿ.

ಈಗ ಬೇರೆ ನಿಲ್ದಾಣ, ಮಂಜಿಲ್ಲ, ಬಿಸಿಲು, ಆಟೋಪೈಲಟ್ ಇಲ್ಲದೆ ಅವಳೇ ಇಳಿಸುತ್ತಿದ್ದಾಳೆ, ನೂರ ನಲವತ್ತು, ಸರಿ, ಅನ್ನುತ್ತೇನೆ, ಕೇಳದಿದ್ದರೂ ಅನ್ನುತ್ತೇನೆ, ನೂರ ನಲವತ್ತು, ದಾರಿಯಲ್ಲಿ ಕೇಳಿದ್ದಳು, ನೀನು ನೋಡ್ಲಿಲ್ವಾ, ಇಲ್ಲ ಕಣೇ, ಆ ಹಾಳು ಮೀಟರ್ ನೋಡ್ತಿದ್ದೆ ಅಂದೆ, ಸುಳ್ಳು ಎಷ್ಟು ಸಲೀಸಾಗಿ ಬಂತು, ಅವಳು ತಲೆಯಾಡಿಸಿದಳು, ಕಾಕ್‌ಪಿಟ್‌ನಲ್ಲಿ ಎಂದೂ ಅಣ್ಣ ಅನ್ನದವಳು ಅಂದಳು, ಹಿಡಿಕೆ ಹಿಂದೆ ಜಾರ್ತಿರೋದು ಕೈಗೆ ಮೊದ್ಲೇ ಗೊತ್ತಾಗಿತ್ತು ಅಣ್ಣಾ, ನೀನು ಸುಮ್ನಿದ್ಯಲ್ಲ, ಹಾಗಾದ್ರೆ ಸ್ಪೀಡ್ ಸರೀನೇ ಇರ್ಬೇಕು ಅಂದ್ಕೊಂಡೆ — ನೂರ ನಲವತ್ತು, ಸರಿ, ನೂರ ಮೂವತ್ತೊಂಬತ್ತು, ಸರಿ, ಹೆಬ್ಬೆರಳು, ಬುಡದವರೆಗೂ ಕಚ್ಚಿದ ಉಗುರು, ಹಿಡಿಕೆಯ ಮೇಲೆ, ನನ್ನ ಮಾತಿಗೆ ಕಾಯುತ್ತಿರುವ ಆ ಕೈ, ಆ ಕೈ —